ಎರಡೂವರೆ ಗಂಟೆಯ ಆಟ, ದಿನವಿಡೀ ಪಥ್ಯ

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂತೆಂದರೆ ನಾಟಕ ಕಂಪನಿಗಳೂ ಬರುತ್ತವೆ. ತಗಡು, ಗಳ, ಪರದೆ ಸೇರಿ ಒಂದು ಥಿಯೇಟರು ಏಳುತ್ತದೆ. ಇತ್ತ ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ನವೆಂಬರ್ ಅಂದರೆ ನಾಟಕೋತ್ಸವ. ಅಲ್ಲಿನ ಶಿವಸಂಚಾರ ಎಂಬ ರೆಪರ್ಟರಿ, ಅಂದರೆ ತಿರುಗಾಟದ ನಾಟಕ ತಂಡ, 1997ರಲ್ಲಿ ಶುರುವಾದದ್ದು, ವರ್ಷಕ್ಕೆ ಮೂರು ನಾಟಕ ಹೊತ್ತು ಊರೂರು ತಿರುಗುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಕಡೆ ಸುಗ್ಗಿ ಮುಗಿಯಿತೆಂದರೆ ಬಯಲಾಟ, ಪೌರಾಣಿಕ ನಾಟಕ. ಕಂಪನಿಯವರಿಗೆ ಇದು ಹೊಟ್ಟೆಪಾಡು, ರೆಪರ್ಟರಿಯವರಿಗೆ ಕಲಿತ ವಿದ್ಯೆ, ಹಳ್ಳಿಯವರಿಗೆ ಕೈಯಿಂದ ದುಡ್ಡು ಹಾಕಿ ಕಟ್ಟಿಕೊಂಡ ಹುಚ್ಚು. ಲೋಕ ಬೇರೆ ಬೇರೆ, ಆದರೆ ಬಣ್ಣ ಹಚ್ಚಿದವರ ಗಂಟಲಿಗೆ, ನಿದ್ದೆಗೆ, ಹೊಟ್ಟೆಗೆ ಬೀಳುವ ಏಟು ಒಂದೇ.

ಕಲಾವಿದರ ತ್ಯಾಗ ಅಂದ ಕೂಡಲೇ ನಮ್ಮಲ್ಲಿ ದೊಡ್ಡ ದೊಡ್ಡ ಕಥೆ ಹೇಳುತ್ತಾರೆ. ಜ್ವರದಲ್ಲೇ ಪಾರ್ಟು ಮಾಡಿದರಂತೆ, ತಂದೆ ತೀರಿಕೊಂಡ ರಾತ್ರಿಯೂ ನಗಿಸಿದರಂತೆ. ಸುಳ್ಳೇನಲ್ಲ. ಆದರೆ ಅಂಥ ರಾತ್ರಿ ಬದುಕಿನಲ್ಲಿ ಒಂದೋ ಎರಡೋ. ದಿನನಿತ್ಯ ಬಿಡಬೇಕಾದದ್ದು ಇನ್ನೂ ಸಣ್ಣದು, ಆಡಿಕೊಳ್ಳಲಿಕ್ಕೂ ಬಾರದಷ್ಟು ಸಣ್ಣದು. ದಾವಣಗೆರೆಯಲ್ಲಿ ಕ್ಯಾಂಪು ಹಾಕಿ ಸಂಜೆ ನಾಲ್ಕಕ್ಕೆ ಮಂಡಕ್ಕಿ-ಮಿರ್ಚಿ ಮುಟ್ಟದೆ ಇರುವುದು ಎಂಥ ಕಷ್ಟ ಅಂತ ಈ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಟ್ಟಬಾರದು ಅನ್ನುವುದಕ್ಕೆ ಕಾರಣವಿದೆ. ಮಂಡಕ್ಕಿಯ ತೆಳು ಸಿಪ್ಪೆ ನಾಲಿಗೆಯ ಬುಡದಲ್ಲಿ ಅಂಟಿ ಕೂತರೆ ಪ್ರವೇಶದ ಹೊತ್ತಿಗೆ ಕೆಮ್ಮು. ಕರಿದ ಮಿರ್ಚಿ ಹೊಟ್ಟೆಯಲ್ಲಿ ಕರಗಲು ಹೊತ್ತು ಹಿಡಿಯುತ್ತದೆ. ಎದೆಪಟ್ಟಿ, ನಡುಪಟ್ಟಿ ಬಿಗಿದು ಕಟ್ಟಿಕೊಂಡು ಕೂಗುವಾಗ ಹುಳಿ ಮೇಲಕ್ಕೆ ಬರುತ್ತದೆ. ಆ ಹುಳಿ ಗಂಟಲನ್ನು ಸುಡುತ್ತದೆ.

ಊಟದ ವಿಷಯ ಇಲ್ಲಿಗೇ ಮುಗಿಯಲಿಲ್ಲ. ರಾತ್ರಿ ಆಟ ಮುಗಿಯುವುದು ಒಂದು ಗಂಟೆ ಸುಮಾರಿಗೆ. ಬಣ್ಣ ತೆಗೆದು, ಸಾಮಾನು ಎತ್ತಿಟ್ಟು ಎಲೆ ಮುಂದೆ ಕೂರುವಾಗ ಎರಡು. ಸಂಜೆಯಿಂದ ಖಾಲಿಯಿದ್ದ ಹೊಟ್ಟೆಗೆ ಭಾರಿ ಊಟ, ಹಿಂದೆಯೇ ನಿದ್ದೆ. ಬೆಳಿಗ್ಗೆ ಎದ್ದಾಗ ದನಿ ಒಡೆದಿರುತ್ತದೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ. ತಂಪು ಗಾಳಿಗೆ ಹೀಗಾಯಿತು ಅಂತ ಮಫ್ಲರ್ ಸುತ್ತಿಕೊಳ್ಳುತ್ತಾರೆ. ಎಷ್ಟೋ ಸಲ ಅದು ಗಾಳಿಯ ಕೆಲಸವಲ್ಲ, ಮಲಗಿದಾಗ ಮೇಲೆ ಬಂದ ಹೊಟ್ಟೆಯ ಹುಳಿಯ ಕೆಲಸ. ಊಟದ ಕ್ರಮವನ್ನು ತಿರುವಿ ಹಾಕುವುದೇ ಇದಕ್ಕೆ ಮದ್ದು. ದೊಡ್ಡ ಊಟ ಮಧ್ಯಾಹ್ನ. ಆಟಕ್ಕೆ ಎರಡೂವರೆ ಮೂರು ಗಂಟೆ ಮುಂಚೆ ಅನ್ನ-ತಿಳಿಸಾರಿನಂಥ ಹಗುರ ಊಟ. ಆಟ ಮುಗಿದ ಮೇಲೆ ಒಂದು ಲೋಟ ಗಂಜಿ, ಬೇಕಾದರೆ ಬಾಳೆಹಣ್ಣು, ಅಷ್ಟೇ. ಮಂಚದ ತಲೆದೆಸೆಯ ಕಾಲುಗಳಿಗೆ ಆರೇಳು ಇಂಚು ಇಟ್ಟಿಗೆ ಕೊಟ್ಟರೆ ಇನ್ನೂ ಒಳ್ಳೆಯದು. ದಿಂಬು ಮೇಲೆ ದಿಂಬು ಹೇರಿದರೆ ಕುತ್ತಿಗೆ ಬಾಗಿ ಹೊಟ್ಟೆ ಮಡಿಸಿಕೊಳ್ಳುತ್ತದೆ, ಅದರಿಂದ ಉಪಯೋಗವಿಲ್ಲ.

ಇನ್ನು ದನಿ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಟರು ಹೆಚ್ಚು ಕಳೆದುಕೊಳ್ಳುವುದು ಇದನ್ನೇ.

ಗಂಟಲಿನ ಒಳಗೆ ಎರಡು ಧ್ವನಿತಂತುಗಳಿವೆ, ಮಾತಾಡುವಾಗ ಒಂದಕ್ಕೊಂದು ಬಡಿಯುತ್ತವೆ. ಹೆಂಗಸರ ಮಾತಿನಲ್ಲಿ ಸೆಕೆಂಡಿಗೆ ಸುಮಾರು 200 ಸಲ, ಗಂಡಸರಲ್ಲಿ 120ರ ಆಸುಪಾಸು. ನಾಯಕಿ ಒಂದು ಆಟದಲ್ಲಿ ಎಲ್ಲ ಸೇರಿ 40 ನಿಮಿಷ ದನಿ ತೆಗೆದಳು ಅನ್ನಿ, 4,80,000 ಬಡಿತ ಆಯಿತು. ಜಾತ್ರೆಯಲ್ಲಿ ದಿನಕ್ಕೆ ಮೂರು ಆಟವಾದರೆ ನೀವೇ ಲೆಕ್ಕ ಹಾಕಿಕೊಳ್ಳಿ. ಬಡಿತ ಜೋರಾದಷ್ಟೂ ತಂತುಗಳ ಮುಂಭಾಗದ ಮೂರನೇ ಒಂದು ಪಾಲು ಮುಗಿಯುವ ಜಾಗದಲ್ಲಿ ಊತ ಬರುತ್ತದೆ, ಬಿಡುವು ಸಿಗದಿದ್ದರೆ ಅದೇ ಗಂಟಾಗುತ್ತದೆ. ಗಂಟಿನ ಮೊದಲ ಸುಳಿವು ದನಿ ಕಟ್ಟುವುದಲ್ಲ. ಜೋರಾಗಿ ಕೂಗಲು ಬರುತ್ತದೆ, ಆದರೆ ಎತ್ತರದ ಸ್ವರವನ್ನು ಮೆತ್ತಗೆ ಹಾಡಲು ಹೋದರೆ ಬರೀ ಉಸಿರು ಹೊರಡುತ್ತದೆ. ಇಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ, ಮೆತ್ತಗೆ ಬಾರದ್ದನ್ನು ಜೋರಾಗಿ ಹಾಡಿ ಸರಿ ಮಾಡಿಕೊಳ್ಳುವುದು. ಸಭೆಗೆ ಗೊತ್ತಾಗುವುದಿಲ್ಲ, ಒನ್ಸ್ ಮೋರ್ ಕೂಡ ಬೀಳುತ್ತದೆ. ಗಂಟು ಬಲಿಯುತ್ತದೆ.

ಮನೆಯಲ್ಲೇ ಮಾಡಿಕೊಳ್ಳುವ ಪರೀಕ್ಷೆ ಒಂದಿದೆ. ದಿನವೂ ಒಂದೇ ಹೊತ್ತಿಗೆ, ಗಡಿಯಾರ ಮುಂದಿಟ್ಟುಕೊಂಡು, ಉಸಿರು ತುಂಬಿ, ಮಾಮೂಲಿ ದನಿಯಲ್ಲಿ ‘ಆ’ ಎಂದು ಹಿಡಿಯುವುದು. ಆರೋಗ್ಯವಾಗಿರುವ ಗಂಟಲು 15 ಸೆಕೆಂಡು ದಾಟುತ್ತದೆ. ನಿಮ್ಮ ಮಾಮೂಲಿ ಲೆಕ್ಕ 20 ಇದ್ದು ಅದು 12ಕ್ಕೆ ಇಳಿದರೆ, ಅವತ್ತು ಹಾಡು ಕಡಿಮೆ ಮಾಡಬೇಕು. ಒಡಕು ದನಿ ಮೂರು ವಾರ ಹಾಗೇ ಉಳಿದರೆ ಕಿವಿ-ಮೂಗು-ಗಂಟಲು ವೈದ್ಯರಲ್ಲಿ ತಂತುಗಳನ್ನು ನೋಡಿಸಲೇಬೇಕು. ಎಲೆಅಡಿಕೆ, ತಂಬಾಕು, ಬೀಡಿ ಚಟವಿದ್ದವರಂತೂ ತಡ ಮಾಡಬಾರದು. ಹೊಸದಾಗಿ ಬಂದ ಗಂಟಿಗೆ ಬಹಳ ಸಲ ಕತ್ತರಿ ಬೇಕಾಗುವುದಿಲ್ಲ. ಮಾತಿನ ಚಿಕಿತ್ಸೆ, ಮೌನ ಇಷ್ಟಕ್ಕೇ ಇಳಿಯುತ್ತದೆ.

ಮೌನ ಅಂದರೆ ಪಿಸುಮಾತಲ್ಲ. ಆಟವಿಲ್ಲದ ಹೊತ್ತಿನಲ್ಲಿ ಪಿಸುಗುಟ್ಟಿಕೊಂಡು ಓಡಾಡುವ ನಟರಿದ್ದಾರೆ, ದನಿ ಉಳಿಸುತ್ತಿದ್ದೇವೆ ಅಂದುಕೊಂಡು. ಬಲವಂತದ ಪಿಸುಮಾತು ಗಂಟಲನ್ನು ಬಿಗಿಯುತ್ತದೆ. ಒಂದೋ ಸಲೀಸಾಗಿ ಸಣ್ಣಗೆ ಮಾತಾಡಿ, ಇಲ್ಲವೇ ಬಾಯಿ ಮುಚ್ಚಿ. ಪದೇ ಪದೇ ಕ್ಯಾಕರಿಸುವುದೂ ಕೆಟ್ಟದ್ದು. ಒಂದು ಗುಟುಕು ನೀರು ನುಂಗಿದರೆ ಸಾಕು.

ನೀರಿನ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಪ್ರವೇಶಕ್ಕೆ ಮುಂಚೆ ಗಟಗಟ ಕುಡಿದ ನೀರು ಧ್ವನಿತಂತುಗಳನ್ನು ತಾಕುವುದೇ ಇಲ್ಲ, ಅದು ಅನ್ನನಾಳದ ದಾರಿ ಹಿಡಿಯುತ್ತದೆ. ಮೈಯೆಲ್ಲ ಸುತ್ತಿ ಗಂಟಲಿನ ಪಸೆಯಾಗಲು ಗಂಟೆಗಟ್ಟಲೆ ಬೇಕು. ಹಾಗಾಗಿ ಬೆಳಿಗ್ಗೆಯಿಂದಲೇ ಅಷ್ಟಷ್ಟು ಕುಡಿಯುತ್ತಿರಬೇಕು. ನಮ್ಮ ಬಯಲುಸೀಮೆಯ ಒಣ ಹವೆಯಲ್ಲಿ, ದೂಳಿನಲ್ಲಿ ಇದು ಇನ್ನೂ ಮುಖ್ಯ. ನೇರವಾಗಿ ತಂತುಗಳನ್ನು ತಲುಪುವುದು ಹಬೆ ಒಂದೇ. ಆಟಕ್ಕೆ ಒಂದು ಗಂಟೆ ಮುಂಚೆ ಹತ್ತು ನಿಮಿಷ ತೆಗೆದುಕೊಂಡರೆ ಸಾಕು, ನೀರಿಗೆ ಏನನ್ನೂ ಹಾಕುವುದು ಬೇಡ. ಲವಂಗ ಕಚ್ಚಿಟ್ಟುಕೊಳ್ಳುವ ರೂಢಿ ಹಳೆಯದು. ಲವಂಗ ಗಂಟಲನ್ನು ಮರಗಟ್ಟಿಸುತ್ತದೆ. ನೋವು ತಿಳಿಯದೆ ಹೋದಾಗ ನಟ ಇನ್ನಷ್ಟು ಕೂಗುತ್ತಾನೆ.

ಈಗ ಮಾತಿಗೆ ಬರೋಣ. ಕನ್ನಡದ ನಟನಿಗೆ ಅವನ ಭಾಷೆಯೇ ಒಂದು ಕಷ್ಟ ತಂದಿಟ್ಟಿದೆ. ನಮ್ಮಲ್ಲಿ ವಾಕ್ಯದ ಪ್ರಾಣ ಕೊನೆಯಲ್ಲಿರುತ್ತದೆ, ಕ್ರಿಯಾಪದ ಅಲ್ಲಿ, ಹೌದು-ಅಲ್ಲ ಅನ್ನುವುದೂ ಅಲ್ಲಿ. ಉಸಿರು ಮುಗಿಯುವುದೂ ಅಲ್ಲೇ. ‘ನಿನ್ನ ಅಪರಾಧವನ್ನೆಲ್ಲ ಮರೆತು ನಿನ್ನನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡ’ ಅನ್ನುವ ಮಾತಿದೆ ಅಂದುಕೊಳ್ಳಿ. ನಟ ‘ನಿನ್ನ ಅಪರಾಧ’ದ ಮೇಲೆ ಎಲ್ಲ ಬಲ ಸುರಿದು ಕೊನೆಯಲ್ಲಿ ಉಸಿರಿಲ್ಲದೆ ‘ಬೇಡ’ ನುಂಗಿಕೊಂಡರೆ, ಹಿಂದಿನ ಸಾಲಿನವರಿಗೆ ಅವನು ಕ್ಷಮಿಸಿಯೇ ಬಿಟ್ಟ! ಇದನ್ನು ತಿದ್ದಲು ವಾಕ್ಯವನ್ನು ಬಾಲದಿಂದ ಕಲಿಯಬೇಕು. ಮೊದಲು ‘ತಿಳಿಯಬೇಡ’, ಆಮೇಲೆ ‘ಎಂದು ತಿಳಿಯಬೇಡ’, ಆಮೇಲೆ ‘ಕ್ಷಮಿಸಿದ್ದೇನೆ ಎಂದು ತಿಳಿಯಬೇಡ’, ಹೀಗೆ ಒಂದೊಂದೇ ಪದ ಹಿಂದಕ್ಕೆ ಸೇರಿಸುತ್ತ ಹೋಗುವುದು. ಬಾಯಿಗೆ ಹೆಚ್ಚು ಸಲ ಬಿದ್ದ ಪದ ಕೊನೆಯದಾಗಿರುತ್ತದೆ, ಉಸಿರು ತಾನಾಗಿಯೇ ಅದಕ್ಕೆ ಉಳಿಯುತ್ತದೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅನ್ನುವುದನ್ನು ಪ್ರತಿಯಲ್ಲಿ ಪೆನ್ಸಿಲಿನಿಂದ ಗೀಟು ಹಾಕಿಟ್ಟುಕೊಂಡು ತಾಲೀಮಿನ ಮೊದಲ ವಾರದಿಂದಲೇ ಪಾಲಿಸಬೇಕು. ಹಳ್ಳಿ ನಾಟಕಗಳಲ್ಲಿ ಎರಡು ಮೂರು ತಿಂಗಳು ರಾತ್ರಿ ತಾಲೀಮು ನಡೆಯುತ್ತದೆ, ಹಾರ್ಮೋನಿಯಂ ಮೇಷ್ಟ್ರು ಹಾಡು ತಿದ್ದುತ್ತಾರೆ. ಗದ್ಯ ಯಾರೂ ತಿದ್ದುವುದಿಲ್ಲ. ಸಭೆ ಹಾಡಿಗೆ ಎಚ್ಚರವಾಗಿ ಮಾತಿಗೆ ತೂಕಡಿಸಲು ಅರ್ಧ ಕಾರಣ ಇದೇ ಅಂತ ನನ್ನ ಅಭಿಪ್ರಾಯ.

ಬಯಲು ರಂಗದಲ್ಲಿ ಇನ್ನೊಬ್ಬ ಎದುರಾಳಿ ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲವಲ್ಲ. ಗಾಳಿ ಜನರ ಕಡೆಯಿಂದ ರಂಗದ ಕಡೆ ಬೀಸಿದರೆ ಸದ್ದು ಮೇಲಕ್ಕೆ ಬಾಗಿ ಹಿಂದಿನವರ ತಲೆಯ ಮೇಲೆ ಹಾಯ್ದು ಹೋಗುತ್ತದೆ. ರಂಗದ ಬೆನ್ನಿನಿಂದ ಬೀಸಿದರೆ ಕೆಳಕ್ಕೆ ಬಾಗಿ ದೂರದವರ ಕಿವಿಗೂ ಬೀಳುತ್ತದೆ. ಚಳಿಗಾಲದಲ್ಲಿ ನಮ್ಮ ಕಡೆ ಗಾಳಿ ಹೆಚ್ಚಾಗಿ ಮೂಡಣದ್ದು. ಅಟ್ಟ ಹಾಕುವವರು ಮುಂಚಿನ ದಿನ ರಾತ್ರಿ, ಆಟದ ಹೊತ್ತಿಗೇ, ಅಲ್ಲಿ ನಿಂತು ಒಂದು ಪಂಚೆ ಎತ್ತಿ ಹಿಡಿದು ನೋಡಿದರೆ ನಟರ ಅರ್ಧ ಕಷ್ಟ ಕಡಿಮೆಯಾಗುತ್ತದೆ. ಮೈಕಿದೆಯಲ್ಲ ಅಂತ ಕೇಳಬಹುದು. ಮೈಕಿನಿಂದ ಎರಡು ಪಟ್ಟು ದೂರ ಸರಿದರೆ ಅದಕ್ಕೆ ಸಿಗುವ ಬಲ ನಾಲ್ಕನೇ ಒಂದು ಪಾಲು. ಮುಖ ತಿರುಗಿಸಿದರೆ ಸ, ಶ, ತ ಅಕ್ಷರಗಳು ಮೊದಲು ಮಾಯ. ಅದಕ್ಕೇ ಅನುಭವಸ್ಥರು ಕಾಲಿನ ಜಾಗವನ್ನು ಹಲಗೆಯ ಸಂದಿಯ ಗುರುತಿನಿಂದ ನೆನಪಿಟ್ಟುಕೊಳ್ಳುತ್ತಾರೆ.

ಬಣ್ಣದ ಮಾತು. ಹಿಂದೆ ಬಿಳಿಗೆ ಸಫೇತ, ಹಳದಿಗೆ ಅರದಾಳ, ಕೆಂಪಿಗೆ ಇಂಗಳಿಕ ಅರೆದು ಹಚ್ಚುತ್ತಿದ್ದರು. ಅರದಾಳದಲ್ಲಿ ಇರುವುದು ಆರ್ಸೆನಿಕ್, ಇಂಗಳಿಕದಲ್ಲಿ ಪಾದರಸ. ರಾತ್ರಿಯೆಲ್ಲ ಅದನ್ನು ಮುಖಕ್ಕೆ ಮೆತ್ತಿಕೊಂಡು ಬೆವರಿದವರ ತಲೆಮಾರಿಗೆ ಅದೇನೆಂದು ಯಾರೂ ಹೇಳಿರಲಿಲ್ಲ. ಈಗ ಪ್ಯಾನ್‌ಕೇಕ್ ಅನ್ನುವ ಸಿದ್ಧ ಬಣ್ಣ ಬಂದಿದೆ, ಅಪಾಯ ಕಡಿಮೆ. ಆದರೂ ತಪ್ಪಾಗುವುದು ಬಣ್ಣ ತೆಗೆಯುವಾಗಲೇ. ಆಟ ಮುಗಿದ ಆಯಾಸದಲ್ಲಿ ನೇರ ಸೋಪು ಹಾಕಿ ಉಜ್ಜುತ್ತಾರೆ. ಬಣ್ಣ ರಂಧ್ರದೊಳಗೆ ಇಳಿಯುತ್ತದೆ, ಮೇಲಿನ ತೊಗಲು ಸುಲಿಯುತ್ತದೆ, ಮರುದಿನ ಆ ಜಾಗಕ್ಕೇ ಮತ್ತೆ ಬಣ್ಣ. ಕ್ರಮ ಹೀಗೆ: ಮೊದಲು ಮೀಸೆ-ಗಡ್ಡ. ಅಂಟಿನ ಅಂಚಿಗೆ ಕೊಬ್ಬರಿ ಎಣ್ಣೆ ತಾಕಿಸಿ ಒಂದೆರಡು ನಿಮಿಷ ಬಿಡಬೇಕು, ಕೂದಲು ಬೆಳೆಯುವ ದಿಕ್ಕಿಗೆ ಮೆಲ್ಲಗೆ ಎಬ್ಬಿಸಬೇಕು. ಕಿತ್ತರೆ ತುಟಿಯ ಮೇಲಿನ ತೊಗಲೂ ಬರುತ್ತದೆ. ಆಮೇಲೆ ಒಣ ಮುಖಕ್ಕೆ ಎಣ್ಣೆ, ನೀರು ತಾಕಿಸುವಂತಿಲ್ಲ. ಬೆರಳ ತುದಿಯಿಂದ ಸುತ್ತುತ್ತ ಬಣ್ಣ ಕರಗಿದ ಮೇಲೆ ಹಳೆಯ ಹತ್ತಿಬಟ್ಟೆಯಿಂದ ಒತ್ತಿ ಒರೆಸುವುದು, ಬಟ್ಟೆ ಬೆಳ್ಳಗೆ ಬರುವ ತನಕ ಎರಡು ಮೂರು ಸಲ. ಕೊನೆಗೆ ಕಡಲೆಹಿಟ್ಟು, ಉಗುರುಬೆಚ್ಚನೆ ನೀರು. ಕಾಲು ಗಂಟೆಯ ಕೆಲಸ. ಕುಂಚ, ಸ್ಪಂಜು ಒಬ್ಬರದನ್ನು ಇನ್ನೊಬ್ಬರು ಬಳಸಬಾರದು; ಕಣ್ಣು ಬೇನೆ ಇಡೀ ತಂಡಕ್ಕೆ ಹರಡುವ ಹೆದ್ದಾರಿ ಅದು.

ಕಿರೀಟದ ದಾರವನ್ನು ಗದ್ದದ ಕೆಳಗೆ ಬಿಗಿದು ಕಟ್ಟುವುದೂ ತಪ್ಪು. ದವಡೆ ಇಳಿಯದಿದ್ದರೆ ‘ಆ’ಕಾರ ತೆರೆಯುವುದಿಲ್ಲ. ತಲೆಗೆ ಮೊದಲು ಹತ್ತಿ ಪಟ್ಟಿ ಸುತ್ತಿ, ದಾರವನ್ನು ಕಿವಿಯ ಹಿಂದಿನಿಂದ ಹಿಂತಲೆಗೆ ಎಳೆದು ಕಟ್ಟಬೇಕು. ಕಟ್ಟಿದ ಮೇಲೆ ಬಾಯಿ ಪೂರ್ತಿ ತೆರೆದು ನೋಡಿಕೊಂಡೇ ರಂಗಕ್ಕೆ ಹೋಗಬೇಕು.

ಮೈಯ ಮಾತು ಇಷ್ಟಾಯಿತು. ಮನೆಯ ಮಾತು ಇದಕ್ಕಿಂತ ಗಟ್ಟಿ. ಊರಿಗೆಲ್ಲ ಹಬ್ಬ, ಜಾತ್ರೆ, ರಜೆ ಇದ್ದಾಗ ಕಲಾವಿದರಿಗೆ ಕೆಲಸ. ಮಾಘ, ಫಾಲ್ಗುಣದಲ್ಲಿ ನೆಂಟರ ಮದುವೆ, ಅದೇ ತಿಂಗಳು ಕ್ಯಾಂಪು. ನಾಲ್ಕು ಸಲ ಬಾರದವರನ್ನು ಐದನೇ ಸಲ ಕರೆಯುವುದಿಲ್ಲ. ಕಂಪನಿ ಮೊಕ್ಕಾಂ ಬದಲಿಸಿದ ಹಾಗೆ ಮಕ್ಕಳ ಶಾಲೆ ಬದಲಾಗುತ್ತದೆ, ಇಲ್ಲವೇ ಮಕ್ಕಳು ಅಜ್ಜಿಯ ಮನೆಯಲ್ಲಿ ಬೆಳೆಯುತ್ತಾರೆ. ಹೆಂಗಸರ ಪಾಲಿಗೆ ಇದರ ಜತೆ ಊರಿನ ಬಾಯಿ. ದಾವಣಗೆರೆಯ ಚಿಂದೋಡಿ ಲೀಲಾ ಅವರು ಕಂಪನಿ ನಾಟಕದ ಕುಟುಂಬದಲ್ಲೇ ಬೆಳೆದು, ಕಂಪನಿ ನಡೆಸಿ, 1988ರಲ್ಲಿ ಪದ್ಮಶ್ರೀ ಪಡೆದರು. ಅಂಥವರ ಹೆಸರಲ್ಲಿ ಹೆಮ್ಮೆಪಡುವ ಊರುಗಳಲ್ಲೇ ಇವತ್ತಿಗೂ ಹಳ್ಳಿ ನಾಟಕಕ್ಕೆ ಬಂದ ಪಾತ್ರಧಾರಿಣಿಗೆ ಬಟ್ಟೆ ಬದಲಿಸಲು ಚಿಲಕವಿರುವ ಒಂದು ಕೋಣೆ ಸಿಗುವುದಿಲ್ಲ. ಸೀನರಿಗೆ, ಲೈಟಿಗೆ ಸಾವಿರಗಟ್ಟಲೆ ಸುರಿಯುವ ಸಮಿತಿಯವರು ಮೊದಲು ಆ ಕೋಣೆ, ಒಂದು ಬಕೆಟ್ ನೀರು, ರಾತ್ರಿ ವಾಪಸ್ ಕಳಿಸುವ ವಾಹನ, ಇವನ್ನು ಗೊತ್ತು ಮಾಡಬೇಕು.

ಜ್ವರದಲ್ಲಿ ಪಾರ್ಟು ಮಾಡಿದ ಕಥೆಗೆ ಮತ್ತೆ ಬರುತ್ತೇನೆ. ನನ್ನ ಮಟ್ಟಿಗೆ ಅದರಲ್ಲಿ ನಟನ ದೊಡ್ಡತನ ಎಷ್ಟಿದೆಯೋ ತಂಡದ ಬೇಜವಾಬ್ದಾರಿಯೂ ಅಷ್ಟೇ ಇದೆ. ಮುಖ್ಯ ಪಾತ್ರಕ್ಕೆ ಇನ್ನೊಬ್ಬರನ್ನು ತಯಾರು ಮಾಡಿಟ್ಟಿದ್ದರೆ ಅಂಥ ರಾತ್ರಿ ಬರುವುದಿಲ್ಲ. ಚಿಕ್ಕ ಪಾತ್ರ ಮಾಡುವವರು ದೊಡ್ಡ ಪಾತ್ರದ ಮಾತು, ನಡೆ ಎರಡನ್ನೂ ಕಲಿತಿರಬೇಕು, ಹದಿನೈದು ದಿನಕ್ಕೊಮ್ಮೆ ಒಂದು ತಾಲೀಮು ಅವರ ಕೈಗೆ ಕೊಡಬೇಕು. ಮುಖ್ಯ ನಟನಿಗೆ ಹೊಟ್ಟೆಕಿಚ್ಚಾಗುತ್ತದೆ, ಆಗಲಿ. ದನಿ ಕಟ್ಟಿದ ದಿನ ನೋವಿನ ಗುಳಿಗೆ ನುಂಗಿ ಹಾಡುವುದಂತೂ ಬೇಡವೇ ಬೇಡ. ಆಸ್ಪಿರಿನ್‌ನಂಥ ಮಾತ್ರೆ ರಕ್ತವನ್ನು ತೆಳುವಾಗಿಸುತ್ತದೆ, ಊದಿದ ತಂತುವಿನ ಸಣ್ಣ ರಕ್ತನಾಳ ಒಡೆದರೆ ಒಂದೇ ಕೂಗಿಗೆ ದನಿ ಹೋಗುತ್ತದೆ.

ಕೊನೆಯದಾಗಿ ಕಾಗದಪತ್ರದ ವಿಷಯ, ಕಲಾವಿದರು ಅತ್ಯಂತ ಅಸಡ್ಡೆ ಮಾಡುವುದು ಇದನ್ನೇ. ಕಂಪನಿ ನಟರಿಗೆ ಪಗಾರ ಆಟದ ಲೆಕ್ಕದಲ್ಲಿ, ನಿವೃತ್ತಿ ವೇತನ ಅನ್ನುವುದೇ ಇಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನ 58 ವರ್ಷ ದಾಟಿದ, ಕಷ್ಟದಲ್ಲಿರುವ ಕಲಾವಿದರಿಗೆ. ಅರ್ಜಿ ಹಾಕುವಾಗ ಎಷ್ಟು ವರ್ಷ ರಂಗದ ಮೇಲಿದ್ದಿರಿ ಎಂಬುದಕ್ಕೆ ಪುರಾವೆ ತೋರಿಸಬೇಕು. ಆಗ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಆದ್ದರಿಂದ ಇವತ್ತಿನಿಂದಲೇ ನಿಮ್ಮ ಹೆಸರಿರುವ ಪ್ರತಿ ಹ್ಯಾಂಡ್‌ಬಿಲ್ಲು, ಆಮಂತ್ರಣ, ಪತ್ರಿಕೆಯ ತುಣುಕು, ಸನ್ಮಾನಪತ್ರ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಇಡಿ. ಹಿಂದೆ ತಾರೀಖು, ಊರು, ಮಾಡಿದ ಪಾತ್ರ ಬರೆಯಿರಿ. ವೇಷದಲ್ಲಿರುವ ಫೋಟೋ ಮಾತ್ರ ಇಟ್ಟುಕೊಂಡರೆ ಗುರುತು ಹಿಡಿಯುವುದು ಕಷ್ಟ, ಅದೇ ದಿನ ಬಣ್ಣ ಹಚ್ಚುವ ಮುಂಚಿನದೂ ಒಂದು ಇರಲಿ. ಎಲ್ಲದರ ಚಿತ್ರ ಮೊಬೈಲಿನಲ್ಲಿ ತೆಗೆದು ಮನೆಯವರೊಬ್ಬರಿಗೆ ಕಳಿಸಿಡಿ. ಟ್ರಂಕಿನಲ್ಲಿಟ್ಟ ಕಾಗದ ಮಳೆಗಾಲದ ಒಂದು ಕ್ಯಾಂಪಿಗೆ ಮುದ್ದೆಯಾಗುತ್ತದೆ.

ನಮಸ್ಕಾರ.