ಶಾರ್ಟ್‌ಹೇರ್ಡ್ ಪಾಯಿಂಟರ್ ಅಥವಾ ವಿಜ್ಲಾ: ಮನೆಗೆ ಹೊಂದುವ ಬೇಟೆನಾಯಿ ಯಾವುದು?

[ದೃಶ್ಯ: ಹುಲ್ಲುಗಾವಲಿನಲ್ಲಿ ಓಡುತ್ತಿರುವ ನಾಯಿ ಥಟ್ಟನೆ ನಿಲ್ಲುತ್ತದೆ]

ನಮಸ್ಕಾರ. ಪರದೆಯ ಮೇಲಿರುವ ಈ ನಾಯಿಯನ್ನು ಗಮನಿಸಿ. ವೇಗವಾಗಿ ಓಡುತ್ತಿದ್ದದ್ದು ಹಕ್ಕಿಯ ವಾಸನೆ ಮೂಗಿಗೆ ತಾಗಿದ ಕೂಡಲೇ ನಿಂತುಬಿಟ್ಟಿದೆ. ಒಂದು ಮುಂಗಾಲು ಮಡಚಿದೆ, ಮೂತಿ ಪೊದೆಯತ್ತ ನೆಟ್ಟಿದೆ, ಮೈಯ ಒಂದು ಸ್ನಾಯುವೂ ಅಲುಗುತ್ತಿಲ್ಲ. ಬೇಟೆಗಾರರು ಇದನ್ನು ‘ಪಾಯಿಂಟ್’ ಎನ್ನುತ್ತಾರೆ. ಹಕ್ಕಿಯನ್ನು ಹುಡುಕುವುದು, ಹೀಗೆ ನಿಂತು ತೋರಿಸುವುದು, ಬಿದ್ದ ಬೇಟೆಯನ್ನು ನೆಲದಿಂದಲೂ ನೀರಿನಿಂದಲೂ ಕಚ್ಚಿ ತರುವುದು, ಗಾಯಗೊಂಡ ಪ್ರಾಣಿಯ ಜಾಡು ಹಿಡಿಯುವುದು, ಇಷ್ಟೂ ಕೆಲಸವನ್ನು ಒಂದೇ ನಾಯಿ ಮಾಡಬೇಕೆಂದು ಬೆಳೆಸಿದ ತಳಿಗಳೇ ಬಹೂಪಯೋಗಿ ಬೇಟೆನಾಯಿಗಳು. ಅವುಗಳಲ್ಲಿ ಜರ್ಮನಿಯ ಶಾರ್ಟ್‌ಹೇರ್ಡ್ ಪಾಯಿಂಟರ್ ಮತ್ತು ಹಂಗೇರಿಯ ವಿಜ್ಲಾ, ಈ ಎರಡರ ನಡುವೆ ಆಯ್ಕೆ ಮಾಡಬೇಕಾದ ಕುಟುಂಬಗಳಿಗಾಗಿ ಈ ವಿಡಿಯೋ.

ಎರಡರಲ್ಲಿ ಯಾವುದು ಚೆನ್ನಾಗಿ ಬೇಟೆಯಾಡುತ್ತದೆ ಎಂಬ ಪ್ರಶ್ನೆಯಿಂದಲೇ ಚರ್ಚೆ ಶುರುವಾಗುವುದು ವಾಡಿಕೆ. ಮನೆಯ ಮಟ್ಟಿಗೆ ಅದು ಅಷ್ಟು ಮುಖ್ಯವಲ್ಲವೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಬೇಟೆಯ ಋತುವಿನಲ್ಲೂ ನಾಯಿ ಬಯಲಿನಲ್ಲಿರುವುದು ಕೆಲವೇ ಗಂಟೆ, ಉಳಿದಷ್ಟು ಕಾಲವೂ ಅದು ನಿಮ್ಮ ಕೋಣೆಗಳಲ್ಲಿಯೇ ಓಡಾಡಿಕೊಂಡಿರುತ್ತದೆ. ಹಾಗಾಗಿ ದಿನದಲ್ಲಿ ಎಷ್ಟು ಹೊತ್ತು ಮನೆಯಲ್ಲಿ ಯಾರೂ ಇರುವುದಿಲ್ಲ, ನಾಯಿಯನ್ನು ಓಡಿಸುವ ಹೊಣೆ ಯಾರದು ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.

[ದೃಶ್ಯ: ಎರಡೂ ತಳಿಗಳು ಅಕ್ಕಪಕ್ಕ ನಿಂತಿರುವುದು]

ಗಾತ್ರದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಗಂಡು ಪಾಯಿಂಟರ್ ಸುಮಾರು 25ರಿಂದ 32 ಕೆ.ಜಿ. ತೂಗಿದರೆ, ವಿಜ್ಲಾ ಸ್ವಲ್ಪ ಹಗುರ ಮೈಕಟ್ಟಿನದು. ಪಾಯಿಂಟರ್‌ನ ಬಣ್ಣ ಕಡುಕಂದು, ಇಲ್ಲವೇ ಕಂದು ಮತ್ತು ಬಿಳಿ ಬೆರೆತದ್ದು. ಕಪ್ಪು ಬಣ್ಣದವೂ ಉಂಟು. ವಿಜ್ಲಾದ ಮೈಯೆಲ್ಲ ಹೊಂಬಣ್ಣ ಬೆರೆತ ಕಂದು, ಮೂಗು ಸಹ ಅದೇ ಛಾಯೆಯದು. ವಿಜ್ಲಾಕ್ಕೆ ಒಳಗೂದಲು ಇಲ್ಲದಿರುವುದರಿಂದ ಅದು ಚಳಿಯನ್ನು ಅಷ್ಟಾಗಿ ತಡೆಯದು. ಪಾಯಿಂಟರ್‌ನ ಕೂದಲು ಇನ್ನಷ್ಟು ದಟ್ಟ ಮತ್ತು ಒರಟು; ಉದುರಿದ ಆ ಮೋಟುಗೂದಲು ಸೋಫಾದ ಬಟ್ಟೆಯೊಳಗೆ ಮುಳ್ಳಿನಂತೆ ನಾಟಿಕೊಳ್ಳುತ್ತದೆ, ಗುಡಿಸಿದರೆ ಬರುವುದಿಲ್ಲ.

ನಿಜವಾದ ವ್ಯತ್ಯಾಸವಿರುವುದು ಸ್ವಭಾವದಲ್ಲಿ. ವಿಜ್ಲಾ ಮನುಷ್ಯರಿಗೆ ಅಂಟಿಕೊಂಡೇ ಬದುಕುವ ನಾಯಿ: ನೀವು ಅಡುಗೆಮನೆಗೆ ಹೋದರೆ ಅಲ್ಲಿಗೆ ಬರುತ್ತದೆ, ಕುಳಿತರೆ ಕಾಲಿಗೆ ಒರಗುತ್ತದೆ, ಬಾಗಿಲು ಹಾಕಿಕೊಂಡರೆ ಹೊರಗೆ ಕುಂಯ್‌ಗುಟ್ಟುತ್ತದೆ. ಬಯಲಿನಲ್ಲಿಯೂ ಅದು ಸಾಮಾನ್ಯವಾಗಿ ಬೇಟೆಗಾರನಿಂದ ಬಹು ದೂರ ಹೋಗದೆ, ಆಗಾಗ ತಿರುಗಿ ನೋಡುತ್ತ ಕೆಲಸ ಮಾಡುತ್ತದೆ. ಗದರಿಸಿ ಕಲಿಸಲು ಹೋದರೆ ಮುದುಡಿಕೊಂಡು ಕಲಿಯುವುದನ್ನೇ ನಿಲ್ಲಿಸಬಹುದು. ಮೆಲುದನಿ ಮತ್ತು ತಾಳ್ಮೆ ಇದ್ದವರಿಗೆ ಬೇಗ ಒಲಿಯುತ್ತದೆ. ಮನೆಯವರೆಲ್ಲರೂ ಬೆಳಿಗ್ಗೆ ಹೋಗಿ ಸಂಜೆ ಬರುವವರಾದರೆ, ಅದನ್ನು ತರಬೇಡಿ ಎಂದು ನೇರವಾಗಿಯೇ ಹೇಳುತ್ತೇನೆ. ದಿನವಿಡೀ ಒಂಟಿಯಾಗಿ ಬಿಟ್ಟ ವಿಜ್ಲಾ ಬಾಗಿಲ ಚೌಕಟ್ಟು ಕೆರೆಯುವುದು, ಎಡೆಬಿಡದೆ ಬೊಗಳುವುದು ಹಟದಿಂದಲ್ಲ, ಆತಂಕದಿಂದ.

ಪಾಯಿಂಟರ್‌ಗೂ ಒಡೆಯನ ಮೇಲೆ ಪ್ರೀತಿಯಿದೆ, ಆದರೆ ಅದರ ಗಮನ ಹೊರಗಿನ ವಾಸನೆಗಳ ಕಡೆಗೂ ಅಷ್ಟೇ ಬಲವಾಗಿರುತ್ತದೆ. ಅದು ಹೆಚ್ಚು ದೂರದವರೆಗೆ ಹುಡುಕುತ್ತದೆ, ತಾನಾಗಿ ತೀರ್ಮಾನ ಮಾಡುತ್ತದೆ, ತಣ್ಣನೆಯ ನೀರಿಗೂ ಹಿಂಜರಿಯದೆ ಧುಮುಕುತ್ತದೆ. ಈ ಗುಣವೇ ಮನೆಯಲ್ಲಿ ತೊಡಕಾಗಬಹುದು: ಬೇಲಿ ಗಿಡ್ಡವಾಗಿದ್ದರೆ ಹಾರಿಹೋಗುತ್ತದೆ, ಬೆಕ್ಕು ಅಥವಾ ಮೊಲ ಸಾಕಿದ್ದರೆ ಅವುಗಳ ಬೆನ್ನು ಹತ್ತುತ್ತದೆ. ಬೇಟೆಯ ಹುಮ್ಮಸ್ಸು ವಿಜ್ಲಾದಲ್ಲಿಯೂ ಇದೆ, ಆದರೆ ಬಹಳಷ್ಟು ಪಾಯಿಂಟರ್‌ಗಳಲ್ಲಿ ಅದನ್ನು ತಡೆಹಿಡಿಯುವುದು ಇನ್ನೂ ಕಷ್ಟ.

ವ್ಯಾಯಾಮದ ವಿಷಯದಲ್ಲಿ ಎರಡೂ ಒಂದೇ. ಬೆಳೆದ ನಾಯಿಗೆ ದಿನಕ್ಕೆ ಒಂದೆರಡು ಗಂಟೆಯ ಶ್ರಮ ಬೇಕು, ಅದರಲ್ಲಿ ಒಂದು ಪಾಲು ಹಗ್ಗವಿಲ್ಲದ ಓಟವಾಗಿರಬೇಕು. ಅಂಗಳ ದೊಡ್ಡದಿದೆ ಎಂಬ ಸಮಾಧಾನ ಸಾಲದು. ಅಂಗಳದಲ್ಲಿ ಒಂಟಿಯಾಗಿ ಬಿಟ್ಟ ನಾಯಿ ಓಡುವುದಕ್ಕಿಂತ ಹೆಚ್ಚಾಗಿ ಬಾಗಿಲ ಬಳಿ ಕುಳಿತು ನಿಮ್ಮನ್ನು ಕಾಯುತ್ತದೆ. ಮೂಗಿಗೂ ಕೆಲಸ ಕೊಡಬೇಕು, ಅಡಗಿಸಿಟ್ಟ ವಸ್ತುವನ್ನು ಹುಡುಕಿಸುವ ಆಟ ಇದಕ್ಕೆ ಚೆನ್ನಾಗಿ ಒದಗುತ್ತದೆ. ಮರಿಗಳನ್ನು ಮಾತ್ರ ಎಲುಬು ಬಲಿಯುವ ತನಕ, ಅಂದರೆ ಒಂದರಿಂದ ಒಂದೂವರೆ ವರ್ಷದವರೆಗೆ, ಸೈಕಲ್ಲಿನ ಪಕ್ಕ ಓಡಿಸಬಾರದು.

[ದೃಶ್ಯ: ನಾಯಿಯ ಎದೆಗೂಡು, ಹತ್ತಿರದಿಂದ]

ಆಳವಾದ ಎದೆಗೂಡಿನ ನಾಯಿಗಳಲ್ಲಿ ಹೊಟ್ಟೆ ಗಾಳಿಯಿಂದ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ, ಪಾಯಿಂಟರ್ ಸಾಕುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಊಟವನ್ನು ಎರಡು ಹೊತ್ತಿಗೆ ಹಂಚಿ, ಉಂಡ ಕೂಡಲೇ ಓಡಿಸಬೇಡಿ. ಹೊಟ್ಟೆ ಬಿಗಿದು, ನಾಯಿ ವಾಂತಿಗೆ ಯತ್ನಿಸಿದರೂ ಏನೂ ಹೊರಬಾರದಿದ್ದರೆ ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಿರಿ. ವಿಜ್ಲಾದಲ್ಲಿ ಮೂರ್ಛೆರೋಗ, ಚರ್ಮದ ಎಣ್ಣೆಗ್ರಂಥಿಗಳ ಉರಿಯೂತ ಮತ್ತು ಸ್ನಾಯುಗಳ ಉರಿಯೂತ ಕಂಡುಬರುತ್ತವೆ. ಸೊಂಟದ ಕೀಲಿನ ದೋಷ ಎರಡರಲ್ಲೂ ಇರುವುದರಿಂದ ತಂದೆತಾಯಿಗಳ ಎಕ್ಸ್‌ರೇ ವರದಿ ಕೇಳುವುದು ಅಗತ್ಯ.

ಇನ್ನೂ ಒಂದು ಮಾತು, ಬಹುಶಃ ಎಲ್ಲಕ್ಕಿಂತ ತೂಕದ್ದು. ತಳಿಯ ಹೆಸರಿಗಿಂತ ಮರಿ ಯಾವ ವಂಶದ್ದು ಎಂಬುದೇ ಹೆಚ್ಚು ಹೇಳುತ್ತದೆ. ಜರ್ಮನಿಯಲ್ಲಿ ಎಳೆಯ ಪಾಯಿಂಟರ್‌ಗಳನ್ನು ಡರ್ಬಿ, ಸೋಲ್ಮ್ಸ್ ಎಂಬ ಪರೀಕ್ಷೆಗಳಿಗೆ ಒಡ್ಡುತ್ತಾರೆ. ಉತ್ತರ ಅಮೆರಿಕದಲ್ಲಿ 1969ರಲ್ಲಿ ಆರಂಭವಾದ ಬಹೂಪಯೋಗಿ ಬೇಟೆನಾಯಿ ಸಂಘವು ಎಳೆಯ ನಾಯಿಗಳ ಮೂಗು, ಜಾಡು ಹಿಡಿಯುವಿಕೆ, ಈಜು ಮೊದಲಾದವನ್ನು ಅಳೆಯುತ್ತದೆ. ಇಂಥ ಪರೀಕ್ಷೆಗಳಲ್ಲಿ ತಲೆಮಾರುಗಳಿಂದ ಗೆದ್ದ ವಂಶದ ವಿಜ್ಲಾ, ಪ್ರದರ್ಶನಕ್ಕೆಂದೇ ಬೆಳೆಸಿದ ಪಾಯಿಂಟರ್‌ಗಿಂತ ಹೆಚ್ಚು ಚುರುಕಾಗಿರಬಹುದು. ಆದ್ದರಿಂದ ಮರಿಯನ್ನು ನೋಡಲು ಹೋದಾಗ ತಾಯಿನಾಯಿ ಮನೆಯೊಳಗೆ ಸುಮ್ಮನೆ ಮಲಗಬಲ್ಲುದೇ ಎಂದು ಗಮನಿಸಿ. ಮರಿಯೇ ಬೇಕೆಂಬ ಹಟವಿಲ್ಲದಿದ್ದರೆ, ಸಾಕಲಾರದೆ ಬಿಟ್ಟುಕೊಟ್ಟ ಎರಡು ಮೂರು ವರ್ಷದ ನಾಯಿಗಳನ್ನೂ ವಿಚಾರಿಸಿ. ಅವುಗಳ ಸ್ವಭಾವ ಅಷ್ಟರಲ್ಲಿ ರೂಪುಗೊಂಡಿರುವುದರಿಂದ ಒಂದು ವಾರಾಂತ್ಯ ಜೊತೆಗಿಟ್ಟುಕೊಂಡು ನೋಡಿ ತೀರ್ಮಾನಿಸಬಹುದು.