ಆಟಿಸಂ ಇರುವ ಮಕ್ಕಳ ಹಲ್ಲು ಮತ್ತು ಮನೆಯವರ ಮನೋಭಾವ

ಕೇಳುಗರಿಗೆ ನಮಸ್ಕಾರ.

ಆಟಿಸಂ ಎಂದರೆ ಮಾತು, ಒಡನಾಟ, ಸ್ಪರ್ಶ-ರುಚಿಗಳ ಅನುಭವ ಇತರರಿಗಿಂತ ಭಿನ್ನವಾಗಿರುವ ಬೆಳವಣಿಗೆಯ ಸ್ಥಿತಿ. ಅದು ಇರುವ ಮಗುವಿನ ಮನೆಯಲ್ಲಿ ಹಲ್ಲಿನ ಸರದಿ ಬರುವುದು ಬಹಳ ತಡವಾಗಿ. ಮಾತಿನ ತರಬೇತಿ, ಶಾಲೆ, ನಿದ್ದೆ, ಊಟ ಇವುಗಳಲ್ಲೇ ದಿನ ಮುಗಿದುಹೋಗುತ್ತದೆ. 'ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತದೆ' ಎಂದು ಅಜ್ಜಿಯೂ ಹೇಳುತ್ತಾರೆ, ತಾಯಿಯೂ ಸಮಾಧಾನಪಟ್ಟುಕೊಳ್ಳುತ್ತಾರೆ. ಬ್ರಷ್ ಕಂಡೊಡನೆ ಬಾಯಿ ಬಿಗಿದು ಚೀರುವ ಮಗುವಿನೊಂದಿಗೆ, ದಿನವಿಡೀ ದಣಿದ ಮೇಲೆ, ಇನ್ನೊಂದು ಜಗ್ಗಾಟ ಬೇಡವೆನ್ನಿಸುವುದನ್ನು ಅಲಕ್ಷ್ಯವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಆದರೆ ಬಾಯಿಯ ಹಿಂಭಾಗದ ಹಾಲು ದವಡೆಹಲ್ಲುಗಳು 10ರಿಂದ 12 ವರ್ಷದವರೆಗೂ ಬಾಯಲ್ಲಿರುತ್ತವೆ. ಸುಮಾರು 6ನೇ ವರ್ಷದಲ್ಲಿ ಅವುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಮೊದಲ ಶಾಶ್ವತ ದವಡೆಹಲ್ಲು ಮೂಡುತ್ತದೆ. ಅದನ್ನೂ ಹಾಲುಹಲ್ಲೆಂದೇ ಎಣಿಸಿ ಹುಳುಕಿಗೆ ಬಿಟ್ಟುಕೊಡುವ ಮನೆಗಳು ಕಡಿಮೆಯಲ್ಲ.

ಈ ಮಕ್ಕಳಲ್ಲಿ ಅನೇಕರು ಮೆತ್ತನೆಯ, ಸಿಹಿಯಾದ ಕೆಲವೇ ತಿನಿಸುಗಳನ್ನು ಒಪ್ಪುತ್ತಾರೆ, ತುತ್ತನ್ನು ಕೆನ್ನೆಯಲ್ಲೇ ಇಟ್ಟುಕೊಂಡಿರುತ್ತಾರೆ. ಕಲಿಕೆಗೆ ಬಹುಮಾನವೆಂದು ಚಾಕೊಲೇಟ್ ಕೊಡುವ ರೂಢಿಯೂ ಉಂಟು. ಬಹುಮಾನಕ್ಕೆ ಮಗುವಿಗೆ ಇಷ್ಟವಾದ ಆಟಿಕೆಯೋ ಉಯ್ಯಾಲೆಯೋ ಸಾಕು.

ನನ್ನನ್ನು ಹೆಚ್ಚು ಕಾಡುವುದು ನೋವಿನ ವಿಷಯ. ಮಾತು ಬಾರದ ಮಗು 'ಹಲ್ಲು ನೋಯುತ್ತಿದೆ' ಎನ್ನಲಾರದು. ಅದು ಕೆನ್ನೆಗೆ ಹೊಡೆದುಕೊಳ್ಳುತ್ತದೆ, ತಲೆಯನ್ನು ಗೋಡೆಗೆ ಬಡಿಯುತ್ತದೆ, ಊಟ ದೂಡುತ್ತದೆ, ರಾತ್ರಿ ಎದ್ದು ಅಳುತ್ತದೆ. ಮನೆಯವರಷ್ಟೇ ಅಲ್ಲ, ವೈದ್ಯರೂ ಇದನ್ನೆಲ್ಲ ಆಟಿಸಂನ ಲಕ್ಷಣವೆಂದೇ ತಿಳಿದುಬಿಡುವುದುಂಟು. ಇಂಥ ವರ್ತನೆ ಇದ್ದಕ್ಕಿದ್ದಂತೆ ಶುರುವಾದರೆ ದಯವಿಟ್ಟು ಮೊದಲು ಬಾಯಿ ತೆರೆಸಿ ನೋಡಿಸಿ.

ಬ್ರಷ್ ಒಲ್ಲದಿರುವುದು ಹಟವಲ್ಲ. ಪೇಸ್ಟಿನ ಪುದೀನದ ಖಾರ, ನೊರೆ, ಎಳೆಗಳ ಚುಚ್ಚು ನಮಗಿಂತ ಎಷ್ಟೋ ಪಟ್ಟು ತೀವ್ರವಾಗಿ ಆ ಮಗುವಿಗೆ ತಾಗಬಹುದು. ರುಚಿಯಿಲ್ಲದ, ನೊರೆ ಬಾರದ ಫ್ಲೋರೈಡ್ ಪೇಸ್ಟನ್ನು 3 ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, 3ರಿಂದ 6 ವರ್ಷದವರಿಗೆ ಬಟಾಣಿಯಷ್ಟು ಹಚ್ಚಿ. ಮಗುವಿನ ಬೆನ್ನ ಹಿಂದೆ ಕುಳಿತು, ಕನ್ನಡಿಯ ಮುಂದೆ, ಮೊದಲ ದಿನಗಳಲ್ಲಿ ತುಟಿಗೆ ಬ್ರಷ್ ತಾಗಿಸಿ ಐದರವರೆಗೆ ಎಣಿಸಿ. ಐದು ಆದೊಡನೆ ನಿಲ್ಲಿಸಿ. ಹೇಳಿದಂತೆ ನಿಲ್ಲಿಸುತ್ತಾರೆಂಬ ನಂಬಿಕೆ ಮೂಡಿದ ಮೇಲೆಯೇ ಹಲ್ಲಿಗೆ ಹೋಗಬೇಕು.

ದಂತವೈದ್ಯರ ಪಾಲೂ ಇಲ್ಲಿದೆ. ಕಾಯುವ ಕೋಣೆಯಲ್ಲಿ ಇತರರ ದಿಟ್ಟಿಸುವ ಕಣ್ಣು, ಒಳಗೆ 'ಗಟ್ಟಿಯಾಗಿ ಹಿಡಿದುಕೊಳ್ಳಿ' ಎಂಬ ಆಜ್ಞೆ, ಇವೆರಡನ್ನು ಒಮ್ಮೆ ಅನುಭವಿಸಿದ ಕುಟುಂಬ ಮತ್ತೆ ಬರಲು ಹಿಂಜರಿಯುತ್ತದೆ. ಪೋಷಕರು ಮುಂಚಿತವಾಗಿ ಫೋನ್ ಮಾಡಿ ಮಗುವಿನ ಸ್ವಭಾವ ತಿಳಿಸಿ ಬೆಳಗಿನ ಮೊದಲ ಸರದಿ ಕೇಳಲಿ. ವೈದ್ಯರು ಮೊದಲ ದಿನ ಕುರ್ಚಿಯಲ್ಲಿ ಕೂರಿಸಿ ಕಳುಹಿಸಿದರೂ ಸಾಕು. ನೋವು ಬರುವ ಮೊದಲೇ ಹೋದರೆ ಮಾತ್ರ ಈ ನಿಧಾನಕ್ಕೆ ಅವಕಾಶವಿರುತ್ತದೆ. ಕೆಲವು ಮಕ್ಕಳಿಗೆ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟೇ ಚಿಕಿತ್ಸೆ ಮಾಡಬೇಕಾಗುತ್ತದೆ. ಅದು ತಂದೆತಾಯಿಯ ಸೋಲಲ್ಲ.

ಖರ್ಚಿನ ಚಿಂತೆಯಿರುವವರು ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ನಡೆಸುವ 'ನಿರಾಮಯ' ಆರೋಗ್ಯ ವಿಮೆಯ ಬಗ್ಗೆ ವಿಚಾರಿಸಿ. ಆಟಿಸಂ ಇರುವವರಿಗೂ ಅನ್ವಯಿಸುವ ಈ ಯೋಜನೆಯಲ್ಲಿ ಚಿಕಿತ್ಸೆಗೆ ಸಿಗುವ ವಿಮಾ ಮೊತ್ತ 1 ಲಕ್ಷ ರೂಪಾಯಿವರೆಗೆ ಇದೆ. ನೋಂದಾಯಿಸುವಾಗ ಹಲ್ಲಿನ ತಪಾಸಣೆಗೆ ಎಷ್ಟು ಸಿಗುತ್ತದೆಂದು ಕೇಳಿಕೊಳ್ಳಿ.

ನಮಸ್ಕಾರ.