ಎರೆ ಎಂದು ಬರೆಯುವ ಮುನ್ನ

ಕೇಳುಗರಿಗೆ ನಮಸ್ಕಾರ.

ಮಾರ್ಚ್ ತಿಂಗಳ ಕೊನೆಯ ವಾರ. ವಿಜಯಪುರ ಜಿಲ್ಲೆಯ ಡೋಣಿ ನದಿಯ ದಂಡೆಗೆ ಹತ್ತಿದ ಹೊಲವೊಂದರಲ್ಲಿ, ಜೋಳ ಕಿತ್ತು ಕಣಕ್ಕೆ ಸಾಗಿಸಿ ಬರಿದಾದ ನೆಲದ ಮೇಲೆ, ಮಣ್ಣಿನ ಸಮೀಕ್ಷೆಗಾಗಿ ಗುಂಡಿ ತೋಡಿಸಲು ನಿಂತಿದ್ದೆ. ಅಂಗೈ ಅಡ್ಡಲಾಗಿ ಇಳಿಯುವಷ್ಟು ಅಗಲದ ಬಿರುಕೊಂದರೊಳಗೆ ಹೊಲದ ಯಜಮಾನರು ಒಂದು ತೊಗರಿ ಕಟ್ಟಿಗೆಯನ್ನು ಇಳಿಬಿಟ್ಟರು. ಮೊಳಕ್ಕೂ ಮಿಕ್ಕಿ ಉದ್ದವಿದ್ದ ಕಟ್ಟಿಗೆ ಪೂರಾ ಒಳಗೆ ಹೋಯಿತು. “ಕರೇ ಮಣ್ಣ ಎಲ್ಲಾ ಎರಿ ಅಲ್ಲರೀ ಸಾಹೇಬರ, ಹಿಂಗ ಬಾಯಿ ಬಿಡೂದು ಎರಿ” ಎಂದರು. ಮಣ್ಣು ವಿಜ್ಞಾನವು ಈ ಮಾತನ್ನು ಒಪ್ಪಿಕೊಳ್ಳಲು ಸಾಕಷ್ಟು ಕಾಲ ತೆಗೆದುಕೊಂಡಿತು. ಒಂದು ಮಣ್ಣನ್ನು ಎರೆ ಎಂದು ದಾಖಲೆಯಲ್ಲಿ ಬರೆಯಬೇಕಾದರೆ ಪ್ರಯೋಗಾಲಯ, ಮಳೆಯ ಲೆಕ್ಕ ಮತ್ತು ನೆಲದ ಇಳಿಜಾರು ಈ ಮೂರನ್ನೂ ಹೇಗೆ ಕೂಡಿಸಿ ಓದಬೇಕಾಗುತ್ತದೆ ಎಂಬುದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಈ ಮಣ್ಣಿಗೆ ಬಣ್ಣದಿಂದ ಹೆಸರಿಡುವ ರೂಢಿ ಹಳೆಯದು. ಇಂಗ್ಲಿಷರು ಇದನ್ನು ಕಪ್ಪು ಹತ್ತಿ ಮಣ್ಣು ಎಂದರು; ತೆಲುಗಿನ ರೇಗಡಿ ಎಂಬ ಮಾತು ರೆಗುರ್ ಎಂದು ರೂಪ ಬದಲಿಸಿ ಭೂವಿಜ್ಞಾನದ ಪುಸ್ತಕಗಳನ್ನು ಸೇರಿತು. ಬಣ್ಣ ಕಂಡವರಿಗೆ ರಷ್ಯಾದ ಹುಲ್ಲುಗಾವಲಿನ ಕರಿಮಣ್ಣು ನೆನಪಾಗುವುದು ಸಹಜ. ಆ ಮಣ್ಣನ್ನು ಕುರಿತು ರಷ್ಯಾದ ವಿಜ್ಞಾನಿ ದೊಕುಚಾಯೆವ್ 1883ರಲ್ಲಿ ಪ್ರಕಟಿಸಿದ ಅಧ್ಯಯನದಿಂದಲೇ ಆಧುನಿಕ ಮಣ್ಣು ವಿಜ್ಞಾನ ಆರಂಭವಾಯಿತೆಂದು ಹೇಳುವುದುಂಟು, ಮತ್ತು ಅಲ್ಲಿ ಕಪ್ಪೆಂದರೆ ಕೊಳೆತ ಸಸ್ಯಾಂಶದ ಸಮೃದ್ಧಿಯೇ ಸರಿ. ನಮ್ಮ ಎರೆಯಲ್ಲಿ ಹಾಗಿಲ್ಲ. ಇಲ್ಲಿಯ ಸಾವಯವ ಇಂಗಾಲ ಸಾಮಾನ್ಯವಾಗಿ ಶೇ. 1ನ್ನು ಮುಟ್ಟುವುದಿಲ್ಲ, ಅನೇಕ ಹೊಲಗಳಲ್ಲಿ ಅರ್ಧದ ಆಸುಪಾಸಿನಲ್ಲೇ ನಿಲ್ಲುತ್ತದೆ. ಇರುವ ಅಲ್ಪಾಂಶವೇ ಜೇಡಿಯ ಕಣಗಳಿಗೆ ಬಿಗಿಯಾಗಿ ಅಂಟಿಕೊಂಡು ಇಡೀ ಮಣ್ಣಿಗೆ ಕಾಡಿಗೆ ಬಳಿದಂತೆ ಮಾಡುತ್ತದೆ. ಕಪ್ಪು ನೋಡಿ ಗೊಬ್ಬರ ಬೇಡವೆಂದುಕೊಂಡವರು ಮೋಸಹೋಗಿದ್ದಾರೆ.

1960ರಲ್ಲಿ ಅಮೆರಿಕದ ಮಣ್ಣು ಸಮೀಕ್ಷಾ ವಿಭಾಗವು ಹೊಸ ವರ್ಗೀಕರಣವನ್ನು ಮುಂದಿಟ್ಟಾಗ ಇಂಥ ಮಣ್ಣುಗಳಿಗೆ ವರ್ಟಿಸಾಲ್ ಎಂದು ಹೆಸರಿಟ್ಟಿತು. ಲ್ಯಾಟಿನ್ನಿನಲ್ಲಿ ತಿರುಗು, ತಿರುವು ಎಂಬ ಅರ್ಥದ ಧಾತು ಅದರಲ್ಲಿದೆ. ಇದರ ಲಕ್ಷಣದಲ್ಲಿ ಬಣ್ಣದ ಮಾತೇ ಇಲ್ಲ ಎಂಬುದನ್ನು ಗಮನಿಸಬೇಕು. ಮೇಲಿನ 50 ಸೆಂ.ಮೀ. ಆಳದವರೆಗೆ ಶೇ. 30 ಅಥವಾ ಹೆಚ್ಚು ಜೇಡಿ ಇರಬೇಕು; ಕಾಲಕಾಲಕ್ಕೆ ತೆರೆದು ಮುಚ್ಚುವ ಬಿರುಕುಗಳಿರಬೇಕು; ಒಂದು ಮೀಟರ್ ಒಳಗೆ ಕನಿಷ್ಠ 25 ಸೆಂ.ಮೀ. ದಪ್ಪದ ಪದರವೊಂದರಲ್ಲಿ ಮಣ್ಣು ಮಣ್ಣಿಗೆ ಉಜ್ಜಿ ಹೊಳಪೇರಿದ ಓರೆ ಮೈಗಳು ಅಥವಾ ಬೆಣೆಯಾಕಾರದ ಹೆಂಟೆಗಳು ಕಾಣಬೇಕು. ಮೂರರಲ್ಲಿ ಎರಡು ಚಲನೆಯ ಗುರುತುಗಳು. ಹೊಲದ ಯಜಮಾನರು ಕಟ್ಟಿಗೆ ಇಳಿಸಿ ತೋರಿಸಿದ್ದು ಅದನ್ನೇ.

ಗುಂಡಿಯನ್ನು ಒಂದೂವರೆ ಮೀಟರ್ ಆಳಕ್ಕೆ, ಒಂದು ಗೋಡೆಗೆ ನೇರ ಬಿಸಿಲು ಬೀಳುವಂತೆ ತೋಡುತ್ತೇವೆ. ಮೇಲಿನ ನಾಲ್ಕಾರು ಬೆರಳು ದಪ್ಪ ಕಾಳಿನಂತೆ ಉದುರುವ ಪುಡಿ. ಅದರ ಕೆಳಗೆ ಹಾರೆಗೂ ಬಗ್ಗದ ಗಡಸು ಹೆಂಟೆಗಳು. ಮೊಳದಾಳ ದಾಟಿದ ಮೇಲೆ ತಣ್ಣನೆಯ, ತುಸು ಹಸಿಯಿರುವ ಮಣ್ಣು. ಅಲ್ಲಿ ಚಾಕುವಿನ ತುದಿಯಿಂದ ಒಂದು ಹೆಂಟೆಯನ್ನು ಮೀಟಿ ತೆಗೆದರೆ, ಅದು ಒಡೆಯುವ ಬದಲು ಓರೆಯಾಗಿ ಜಾರಿ ಬರುತ್ತದೆ, ಮತ್ತು ಬಿಟ್ಟುಹೋದ ಮೈ ಎಣ್ಣೆ ಸವರಿದ ಕರಿಹಲಗೆಯಂತೆ ಮಿನುಗುತ್ತದೆ. ಹೊರಳಿಸಿ ಬೆಳಕಿಗೆ ಹಿಡಿದರೆ ಅದರ ಮೇಲೆ ಒಂದೇ ದಿಕ್ಕಿಗೆ ಎಳೆದ ಸಣ್ಣ ಗೀರುಗಳು ಕಾಣುತ್ತವೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿದ ಮಣ್ಣಿಗೆ ಮೇಲೆ ಹೊರೆ, ಪಕ್ಕದಲ್ಲಿ ಒತ್ತಡ. ಹೋಗಲು ಜಾಗವಿಲ್ಲದೆ ಅದು ಒಂದು ಓರೆಯಲ್ಲಿ ಹರಿದು ಮೇಲಕ್ಕೆ ಜರಗುತ್ತದೆ. ಬಿರುಕಿಗೆ ಮೇಲ್ಮಣ್ಣು ಬಿದ್ದು ಇಡೀ ನೆಲ ತನ್ನನ್ನು ತಾನೇ ಕಲಸಿಕೊಳ್ಳುತ್ತದೆ ಎಂದು ಹಿಂದೆ ನಂಬಿದ್ದರು, ವರ್ಟಿಸಾಲ್ ಎಂಬ ಹೆಸರಿಗೂ ಆ ನಂಬಿಕೆಯೇ ಕಾರಣ. ಆದರೆ ರೇಡಿಯೋ ಕಾರ್ಬನ್ ವಿಧಾನದಿಂದ ವಯಸ್ಸು ಅಳೆದಾಗ ಆಳಕ್ಕಿಳಿದಂತೆ ಸಾವಯವ ಅಂಶ ಹಳೆಯದಾಗುತ್ತ ಹೋಗುವುದು ಕಂಡುಬಂದಿತು. ಪೂರ್ತಿ ಕಲಸಿದ್ದರೆ ಹಾಗಾಗುತ್ತಿರಲಿಲ್ಲ. ಹೆಸರು ಕೊಂಚ ಅತಿಯಾಯಿತು, ಆದರೂ ಉಳಿದುಕೊಂಡಿತು.

ಪದರ ಪದರವಾಗಿ ತೆಗೆದು ಬಟ್ಟೆಯ ಚೀಲಕ್ಕೆ ತುಂಬಿದ ಮಾದರಿಗಳನ್ನು ಪ್ರಯೋಗಾಲಯದಲ್ಲಿ ನೆರಳಿನಲ್ಲಿ ಒಣಗಿಸಿ, ಮರದ ಕೊಡತಿಯಿಂದ ಕುಟ್ಟಿ, 2 ಮಿ.ಮೀ. ಜರಡಿಯಲ್ಲಿ ಹಾಯಿಸುತ್ತಾರೆ. ಜೇಡಿಯ ಪ್ರಮಾಣ ತಿಳಿಯಲು, ಕಣಗಳನ್ನು ಬೆಸೆದಿರುವ ಸಾವಯವ ಅಂಶವನ್ನೂ ಸುಣ್ಣವನ್ನೂ ಮೊದಲು ಕಳೆದು, ಉಳಿದದ್ದನ್ನು ನೀರಿನಲ್ಲಿ ಕದಡಿ ಎತ್ತರದ ಗಾಜಿನ ಜಾಡಿಯಲ್ಲಿ ನಿಲ್ಲಿಸಬೇಕು. ಮರಳು ಕೆಲವೇ ಕ್ಷಣಗಳಲ್ಲಿ ತಳ ಸೇರುತ್ತದೆ, ಒಂದು ಮಿ.ಮೀ.ನ ಐನೂರನೆಯ ಒಂದು ಭಾಗದಷ್ಟಿರುವ ಜೇಡಿಯ ಕಣ 20 ಡಿಗ್ರಿ ಉಷ್ಣತೆಯ ನೀರಿನಲ್ಲಿ ಕೇವಲ 10 ಸೆಂ.ಮೀ. ಇಳಿಯಲು ಸುಮಾರು 8 ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ಕದಡಿಟ್ಟು ಸಂಜೆ ಹೀರುಗೊಳವೆ ಹಿಡಿಯುವ ಈ ಕೆಲಸದಲ್ಲಿ ಅವಸರಪಟ್ಟವರ ಅಂಕಿಗಳನ್ನು ನಾನು ನಂಬುವುದಿಲ್ಲ. ಆಳವಾದ ಎರೆಯಲ್ಲಿ ಜೇಡಿ ಸಾಮಾನ್ಯವಾಗಿ ಶೇ. 45ರಿಂದ 65ರ ನಡುವೆ ಇರುತ್ತದೆ.

ಆದರೆ ಜೇಡಿ ಎಷ್ಟು ಎಂಬುದಕ್ಕಿಂತ ಎಂಥದು ಎಂಬುದು ಮುಖ್ಯ. ಕರಾವಳಿಯ ಕೆಂಪು ಮಣ್ಣಿನಲ್ಲೂ ಅಷ್ಟೇ ಜೇಡಿ ಸಿಗಬಹುದು, ಆದರೆ ಅದು ಬಾಯಿ ಬಿಡುವುದಿಲ್ಲ, ಏಕೆಂದರೆ ಅದರ ಖನಿಜ ಕೆಯೋಲಿನೈಟ್. ಎರೆಯ ಜೇಡಿ ಸ್ಮೆಕ್ಟೈಟ್. ಅದರ ಹಾಳೆಗಳ ನಡುವೆ ನೀರು ನುಗ್ಗಿದರೆ ಹಾಳೆಗಳು ದೂರ ಸರಿಯುತ್ತವೆ, ನೀರು ಹೋದರೆ ಹತ್ತಿರವಾಗುತ್ತವೆ. ಕ್ಷ-ಕಿರಣ ಯಂತ್ರದಲ್ಲಿ ಇದನ್ನು ಕಣ್ಣಾರೆ ನೋಡಿದಂತೆಯೇ ಅಳೆಯಬಹುದು: ಸುಮಾರು 14 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿ.ಮೀ.ನ ಕೋಟಿಯಲ್ಲೊಂದು ಭಾಗ) ಇದ್ದ ಹಾಳೆಗಳ ಅಂತರ, ಗ್ಲೈಕಾಲ್ ಎಂಬ ದ್ರವ ಉಣಿಸಿದಾಗ 17ರ ಸುಮಾರಿಗೆ ಹಿಗ್ಗುತ್ತದೆ, ಪೊಟ್ಯಾಸಿಯಂ ತುಂಬಿ ಕಾಯಿಸಿದಾಗ 10ಕ್ಕೆ ಕುಗ್ಗುತ್ತದೆ. ಯಂತ್ರವಿಲ್ಲದ ಕಡೆ ಇನ್ನೊಂದು ದಾರಿಯಿದೆ. ಹಸಿ ಮಣ್ಣನ್ನು ಹಿಟ್ಟಿನಂತೆ ನಾದಿ, ತುದಿ ಕತ್ತರಿಸಿದ ಇಂಜೆಕ್ಷನ್ ಸಿರಿಂಜಿಗೆ ತುಂಬಿ, ಚಕ್ಕುಲಿ ಒತ್ತಿದಂತೆ 10 ಸೆಂ.ಮೀ. ಕಡ್ಡಿಯನ್ನು ಒತ್ತಿ ಒಣಗಲು ಬಿಡುವುದು. ಎರಡು ದಿನ ಬಿಟ್ಟು ಅಳೆದಾಗ ಅದು 9 ಸೆಂ.ಮೀ.ಗೆ ಇಳಿದಿದ್ದರೆ ಕುಗ್ಗುವಿಕೆ ಅತಿ ಹೆಚ್ಚಿನ ದರ್ಜೆಯದೆಂದು ಲೆಕ್ಕ.

ಉಳಿದ ಪರೀಕ್ಷೆಗಳಲ್ಲಿ ಒಂದೆರಡನ್ನು ಮಾತ್ರ ಹೇಳುತ್ತೇನೆ. ದುರ್ಬಲಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲದ ನಾಲ್ಕು ಹನಿ ಹಾಕಿದರೆ ಎರೆ ಬುಸುಗುಟ್ಟಿ ನೊರೆಯುತ್ತದೆ, ಅದು ಸುಣ್ಣದ ಗುರುತು; ಆಮ್ಲ-ಕ್ಷಾರದ ಅಳತೆಯಾದ ರಸಸಾರ 8ರ ಆಚೀಚೆ, ಕೆಲವೆಡೆ 9ರ ಹತ್ತಿರ. ಈ ಸುಣ್ಣವೇ ಪ್ರಯೋಗಾಲಯದಲ್ಲಿ ತೊಡಕು ತರುತ್ತದೆ. ಮಣ್ಣಿಗೆ ಅಂಟಿಕೊಂಡಿರುವ ಕ್ಯಾಲ್ಸಿಯಂ ಎಷ್ಟೆಂದು ತಿಳಿಯಲು ಎಲ್ಲ ಮಣ್ಣಿಗೂ ಬಳಸುವ ಅಮೋನಿಯಂ ಅಸಿಟೇಟ್ ದ್ರಾವಣವನ್ನೇ ಇದಕ್ಕೂ ಬಳಸಿದರೆ, ಅದು ಸುಣ್ಣದ ಹರಳುಗಳನ್ನೂ ಒಂದಿಷ್ಟು ಕರಗಿಸಿ ಇಲ್ಲದ ಕ್ಯಾಲ್ಸಿಯಂ ತೋರಿಸುತ್ತದೆ. ಕ್ಯಾಲ್ಸಿಯಂ ಉಬ್ಬಿದರೆ ಅದರ ಪಕ್ಕದಲ್ಲಿ ಸೋಡಿಯಂ ಸಣ್ಣದಾಗಿ ಕಾಣುತ್ತದೆ, ಸೋಡಿಯಂ ಹೆಚ್ಚಿ ಸವಳಿನತ್ತ ಹೊರಟ ಹೊಲ ಕಾಗದದ ಮೇಲೆ ನಿರೋಗಿಯಾಗಿ ಉಳಿಯುತ್ತದೆ. ಇಂಥ ವರದಿಯೊಂದನ್ನು ನಂಬಿ ನಾನೇ ಒಮ್ಮೆ ತಪ್ಪು ಸಲಹೆ ಕೊಟ್ಟಿದ್ದೇನೆ.

ಇನ್ನು ಹವಾಮಾನ. ವಿಜಯಪುರದ ಸುತ್ತ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರಿನದು. ಬಿಸಿಲು ಆವಿ ಮಾಡಬಲ್ಲ ನೀರು ಇದರ ಎರಡು ಪಟ್ಟಿಗೂ ಹೆಚ್ಚು. ಆದರೆ ಒಟ್ಟು ಮಳೆಯ ಅಂಕಿಯಿಂದ ಮಣ್ಣಿನ ಸ್ವಭಾವ ತಿಳಿಯುವುದಿಲ್ಲ. ತಿಂಗಳು ತಿಂಗಳಿಗೆ ಬಂದ ಮಳೆ, ಆವಿಯಾದದ್ದು, ಮಣ್ಣಿನಲ್ಲಿ ನಿಂತದ್ದು ಇವುಗಳ ಜಮಾಖರ್ಚು ಬರೆದು ನೋಡಬೇಕು. ಉತ್ತರೆ, ಹಸ್ತ ಮಳೆಗಳಿಗೆ ಈ ಖಾತೆ ತುಂಬುತ್ತದೆ. ಒಂದು ಮೀಟರ್ ಆಳದ ಎರೆ ಸುಮಾರು 200 ಮಿ.ಮೀ.ನಷ್ಟು ನೀರನ್ನು ಬೆಳೆಗೆ ದಕ್ಕುವಂತೆ ಹಿಡಿದಿಡಬಲ್ಲದು, ಆದ್ದರಿಂದಲೇ ಅಕ್ಟೋಬರಿನಲ್ಲಿ ಬಿತ್ತಿದ ಬಿಳಿಜೋಳ, ಕಡಲೆ, ಕುಸುಬಿಗಳು ಮುಂದೆ ಮಳೆಯ ಮುಖ ಕಾಣದೆ, ಚಳಿಗಾಲದ ಇಬ್ಬನಿಯ ನೆಪದಲ್ಲಿ, ನಿಜದಲ್ಲಿ ಆಳದ ಹಸಿಯ ಬಲದಲ್ಲಿ, ತೆನೆ ಕಟ್ಟುತ್ತವೆ. ಜನವರಿಯ ಹೊತ್ತಿಗೆ ಖಾತೆ ಬರಿದಾಗಿ ನೆಲ ಬಿರಿಯತೊಡಗುತ್ತದೆ. ಆ ಮೊದಲೇ ಎಡೆಕುಂಟೆ ಹೊಡೆದು ಬಿರುಕಿನ ಬಾಯಿಗೆ ಮಣ್ಣು ಬೀಳಿಸುವುದು ಇದೇ ಜಮಾಖರ್ಚಿನ ಅರಿವಿನಿಂದ ಹುಟ್ಟಿದ ಬೇಸಾಯ.

ವರ್ಗೀಕರಣವು ಹವಾಮಾನವನ್ನು ಮಣ್ಣಿನ ಹೆಸರಿನೊಳಕ್ಕೆ ತರುವುದು ಬಿರುಕಿನ ಮೂಲಕವೇ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ನೀರಾವರಿ ಇಲ್ಲದ ಸಾಮಾನ್ಯ ವರ್ಷದಲ್ಲಿ 5 ಮಿ.ಮೀ. ಅಥವಾ ಹೆಚ್ಚು ಅಗಲದ ಬಿರುಕುಗಳು ಒಟ್ಟು 90 ದಿನವಾದರೂ ತೆರೆದಿದ್ದರೆ ಆ ಮಣ್ಣು ಅಸ್ಟರ್ಟ್ ಎಂಬ ಉಪವರ್ಗಕ್ಕೆ ಸೇರುತ್ತದೆ. ಮರುಭೂಮಿಯ ಅಂಚಿನಲ್ಲಿ ಸತತ 60 ದಿನವೂ ಮುಚ್ಚಿರದ ಬಿರುಕುಗಳಿದ್ದರೆ ಬೇರೆ ಹೆಸರು, ಮಳೆ ಹೆಚ್ಚಿದ್ದು ಬಿರುಕು ಬೇಗ ಮುಚ್ಚಿದರೆ ಮತ್ತೊಂದು. ಅಂದರೆ ನೆಲವೇ ಮಳೆಮಾಪಕ. ಇದಕ್ಕೆ ಅರ್ಧ ಮೀಟರ್ ಆಳದ ಉಷ್ಣತೆಯನ್ನೂ ಸೇರಿಸುತ್ತಾರೆ: ನಮ್ಮಲ್ಲಿ ವರ್ಷದ ಸರಾಸರಿ 22 ಡಿಗ್ರಿ ಅಥವಾ ಹೆಚ್ಚು, ಬೇಸಿಗೆಗೂ ಚಳಿಗಾಲಕ್ಕೂ ಅಂತರ 6 ಡಿಗ್ರಿಗಿಂತ ಕಡಿಮೆ.

ಇಂದಿನ ಮಳೆಯ ಅಂಕಿಗಳಿಗೆ ಒಂದು ಮಿತಿಯಿದೆ. ವಿಜಯಪುರದ ಕೆಳಗಿರುವ ಬಸಾಲ್ಟ್ ಶಿಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಅದೇ ಬಸಾಲ್ಟ್ ಮಹಾಬಳೇಶ್ವರದ ಭಾರೀ ಮಳೆಯಲ್ಲಿ ತೊಳೆದು ತೊಳೆದು ಕೆಂಪು ಜಂಬಿಟ್ಟಿಗೆಯಾಗಿದೆ, ಡೋಣಿಯ ದಂಡೆಯಲ್ಲಿ ಎರೆಯಾಗಿದೆ. ಇಷ್ಟರಮಟ್ಟಿಗೆ ಹವಾಮಾನದ ಪಾಠ ಸರಳ. ಆದರೆ ಬೀದರಿಗೆ ಬನ್ನಿ: ಅಲ್ಲಿಯೂ ಬಸಾಲ್ಟಿನ ಮೇಲೆ ಜಂಬಿಟ್ಟಿಗೆಯ ಹೊದಿಕೆ, ಕೋಟೆ ನಿಂತಿರುವುದೇ ಅದರ ಮೇಲೆ, ಈಗಿನ ಮಳೆಯಿಂದ ಅದನ್ನು ವಿವರಿಸಲಾಗದು, ಅದು ಬಹಳ ಹಿಂದಿನ ಬೆಚ್ಚಗಿನ, ತೇವದ ಕಾಲದ ಉಳಿಕೆ.

ಮಣ್ಣಿನ ಹುಟ್ಟಿಗೆ ಹವಾಮಾನ, ಜೀವಿಗಳು, ನೆಲದ ಏರಿಳಿತ, ಮೂಲಶಿಲೆ, ಕಾಲ ಎಂಬ ಐದು ಕಾರಣಗಳನ್ನು ಮಣ್ಣು ವಿಜ್ಞಾನಿ ಹಾನ್ಸ್ ಯೆನ್ನಿ 1941ರಲ್ಲಿ ಒಂದು ಸೂತ್ರದಲ್ಲಿ ಕೂಡಿಸಿದರು. ಇವುಗಳಲ್ಲಿ ನಮ್ಮ ಸೀಮೆಯಲ್ಲಿ ಶಿಲೆಗೆ ಸಲ್ಲಬೇಕಾದುದಕ್ಕಿಂತ ಹೆಚ್ಚು ಮರ್ಯಾದೆ ಸಂದಿದೆ, ಇಳಿಜಾರಿಗೆ ಕಡಿಮೆ ಎಂದು ನನ್ನ ಅಭಿಪ್ರಾಯ. ಎರೆಯೆಂದರೆ ಬಸಾಲ್ಟ್ ಎಂದು ಶಾಲೆಯಲ್ಲಿ ಕಲಿತವರು ಬಳ್ಳಾರಿಯಲ್ಲಿ ತಬ್ಬಿಬ್ಬಾಗುತ್ತಾರೆ. ಅಲ್ಲಿ ಬಸಾಲ್ಟ್ ಇಲ್ಲ, ಇರುವುದು ಗ್ರಾನೈಟ್ ಮತ್ತು ನೈಸ್ ಶಿಲೆಗಳು. ಗುಡ್ಡದ ಬುಡದಲ್ಲಿ ಕೆಂಪು ಮಸಾರಿ, ಅದರಿಂದಿಳಿದರೆ ಮಿಶ್ರ ಬಣ್ಣ, ಹಳ್ಳದ ಬಯಲಿಗೆ ಬಂದರೆ ಅಪ್ಪಟ ಎರೆ. ಮೇಲಿನಿಂದ ಕರಗಿ ಬಂದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಿಲಿಕಾಗಳು ತಗ್ಗಿನಲ್ಲಿ ತಂಗಿ ಸ್ಮೆಕ್ಟೈಟ್ ಆಗುವುದಕ್ಕೂ ಉಳಿಯುವುದಕ್ಕೂ ಅನುಕೂಲವಾಗಿವೆ. ಒಂದೇ ಇಳಿಜಾರಿನಲ್ಲಿ ಸರಪಳಿಯ ಕೊಂಡಿಗಳಂತೆ ಮಣ್ಣು ಬದಲಾಗುವ ಈ ಕ್ರಮವನ್ನು ಮಣ್ಣು ವಿಜ್ಞಾನಿ ಜೆಫ್ರಿ ಮಿಲ್ನ್ 1935ರಲ್ಲಿ ಪೂರ್ವ ಆಫ್ರಿಕದ ನೆಲವನ್ನು ಕುರಿತು ಬರೆಯುತ್ತ ಕಟೀನಾ ಎಂದು ಕರೆದರು. ವಿಜಯಪುರದ ಮಡ್ಡಿಯಿಂದ ಡೋಣಿಗೆ ಇಳಿಯುವಾಗ ಬಣ್ಣ ಅಷ್ಟು ಬದಲಾಗದು, ಆಳ ಬದಲಾಗುತ್ತದೆ: ಮಡ್ಡಿಯ ಮೇಲೆ ಗೇಣು ಮಣ್ಣು, ಕೆಳಗೆ ಗರಸು; ದಂಡೆಯಲ್ಲಿ ಆಳುದ್ದದ ಎರೆ. ಮಡ್ಡಿಯ ಮಣ್ಣಿನಲ್ಲೂ ಜೇಡಿ, ಸುಣ್ಣ, ರಸಸಾರಗಳ ಅಂಕಿಗಳು ಹೆಚ್ಚುಕಡಿಮೆ ಹಾಗೆಯೇ ಬರಬಹುದು, ಆದರೆ ಅಲ್ಲಿ ಹಿಂಗಾರಿ ಜೋಳಕ್ಕೆ ನೀರು ಕೂಡಿಡುವ ಜಾಗವೇ ಇಲ್ಲ. ಚೀಲದಲ್ಲಿ ಬಂದ ಮಾದರಿ ಈ ವ್ಯತ್ಯಾಸವನ್ನು ಹೇಳಲಾರದು.

ಎಲ್ಲವನ್ನೂ ಕೂಡಿಸಿದಾಗ ಡೋಣಿ ದಂಡೆಯಂಥ ಮಣ್ಣಿಗೆ ಕೊನೆಗೆ ದಕ್ಕುವ ಹೆಸರು ಟಿಪಿಕ್ ಹ್ಯಾಪ್ಲಸ್ಟರ್ಟ್. ಅದರ ಹಿಂದೆ ನುಣುಪು, ಖನಿಜ ಮತ್ತು ಉಷ್ಣತೆಯನ್ನು ತಿಳಿಸುವ ವಿಶೇಷಣಗಳ ಸಾಲು. ಕಿವಿಗೆ ಒರಟಾದರೂ ಅದರ ಒಂದೊಂದು ತುಂಡೂ ಒಂದೊಂದು ಅಳತೆ. ಒಳಪದರದಲ್ಲಿ ಸೋಡಿಯಂ ಮಿತಿ ಮೀರಿದ್ದರೆ, ಮಾದರಿ ರೂಪವೆಂಬ ಅರ್ಥದ ಟಿಪಿಕ್ ಹೋಗಿ ಸೋಡಿಕ್ ಬರುತ್ತದೆ. ಪುಸ್ತಕದಲ್ಲಿ ಬಹುಕಾಲ ಓದಿದ, ಸೋಡಿಯಂ ಪಾಲಿನ ಶೇ. 15ರ ಗೆರೆಯನ್ನು ಮುಟ್ಟುವ ಬಹಳ ಮೊದಲೇ ಎರೆಯ ಒಳಗೆ ನೀರು ಇಳಿಯುವುದು ನಿಧಾನವಾಗುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು. 1953ರಲ್ಲಿ ತುಂಗಭದ್ರೆಯ ಕಾಲುವೆಗಳಿಗೆ ನೀರು ಬಂದ ಮೇಲೆ ಸಿರುಗುಪ್ಪ, ಸಿಂಧನೂರು, ಗಂಗಾವತಿ ಕಡೆಯ ತಗ್ಗಿನ ಎರೆಗೆ ಭತ್ತ ಬಂದಿತು, ನೀರು ಬಸಿಯುವ ದಾರಿ ಬರಲಿಲ್ಲ. ಎಷ್ಟೋ ಹೊಲಗಳು ಜವಳು ಹಿಡಿದು ಸವಳಾದವು. ಮಣ್ಣು ಕೆಟ್ಟದ್ದಾಗಿರಲಿಲ್ಲ. ಉಬ್ಬಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುವ ಮಣ್ಣಿಗೆ, ತಗ್ಗಿನಲ್ಲಿ, ವರ್ಷವಿಡೀ ನೀರು ನಿಲ್ಲಿಸಲಾಯಿತು.

ಆ ದಿನ ಸಂಜೆ ಗುಂಡಿ ಮುಚ್ಚುವ ಹೊತ್ತಿಗೆ ಆಳುಗಳು ಹತ್ತಿರವಿದ್ದ ಗುಡ್ಡೆಯಿಂದಲೇ ಮಣ್ಣೆಳೆಯಲು ಹೊರಟರು. ಯಜಮಾನರು ತಡೆದು, ತಳದಿಂದ ತೆಗೆದ ಸುಣ್ಣದ ಹರಳಿನ ಮಣ್ಣನ್ನು ಮೊದಲು, ಓರೆ ಹೆಂಟೆಗಳನ್ನು ಅದರ ಮೇಲೆ, ಪುಡಿಮಣ್ಣನ್ನು ಕೊನೆಗೆ ಹಾಕಿಸಿದರು. ಒಳಗಿನದು ಮೇಲೆ ಬಂದರೆ ಆ ಜಾಗದಲ್ಲಿ ನಾಲ್ಕು ವರ್ಷ ಕಡಲೆ ಏಳುವುದಿಲ್ಲ ಎಂಬುದು ಅವರ ಲೆಕ್ಕ. ತೋಡಿದ ಅಷ್ಟೂ ಮಣ್ಣು ಗುಂಡಿಗೆ ಹಿಡಿಸಲಿಲ್ಲ. ಉಳಿದದ್ದನ್ನು ಪಕ್ಕದ ಬಿರುಕುಗಳಿಗೆ ಸುರಿಸಿದರು.

ನಮಸ್ಕಾರ.